ಒಂದು ಕೊಲೆಗೆ ಲೋಕವೆಲ್ಲ ಯುದ್ಧಕ್ಕಿಳಿದದ್ದು ಹೇಗೆ?

ಪ್ರಶ್ನೆ: ಸೈನ್ಯದ ಪೈಪೋಟಿ, ಗುಪ್ತ ಮೈತ್ರಿಗಳು, ಸಾಮ್ರಾಜ್ಯದಾಸೆ, ಉಗ್ರ ರಾಷ್ಟ್ರೀಯತೆ – ಮೊದಲ ಮಹಾಯುದ್ಧಕ್ಕೆ ಈ ನಾಲ್ಕು ಕಾರಣ, ಸರಜೇವೊದ ಕೊಲೆ ‘ತಕ್ಷಣದ ಕಾರಣ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಒಬ್ಬ ರಾಜಕುಮಾರ ಸತ್ತದ್ದಕ್ಕೆ ಅಷ್ಟು ಜನ ಯಾಕೆ ಸಾಯಬೇಕಿತ್ತು ಎನ್ನುವುದು ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ನಿಜವಾದ ಕಾರಣ ಏನು? ಅದರ ಪರಿಣಾಮ ಇವತ್ತಿಗೂ ಇದೆ ಅಂತಾರಲ್ಲ, ಎಷ್ಟರಮಟ್ಟಿಗೆ ನಿಜ? ಎರಡನೇ ಮಹಾಯುದ್ಧವೂ ಇದರದ್ದೇ ಮುಂದುವರಿಕೆಯಾ?

ಉತ್ತರ: ನೀವು ಓದಿದ ನಾಲ್ಕು ಕಾರಣಗಳು ಸುಳ್ಳೇನಲ್ಲ. ಆದರೆ ಯುದ್ಧ ಯಾಕೆ ಸಾಧ್ಯವಾಯಿತು ಎಂದು ಅವು ಹೇಳುತ್ತವೆ, 1914ರ ಆಗಸ್ಟ್‌ನಲ್ಲೇ ಯಾಕೆ ಆಯಿತು ಎಂದು ಹೇಳುವುದಿಲ್ಲ. ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ ಕೈಜೋಡಿಸಿದ್ದು 1879ರಲ್ಲಿ. ಫ್ರಾನ್ಸ್-ರಷ್ಯಾ ಮೈತ್ರಿ 1894ರ ಹೊತ್ತಿಗೆ ಗಟ್ಟಿಯಾಗಿತ್ತು. ಬ್ರಿಟನ್ ಮತ್ತು ಜರ್ಮನಿಯ ಯುದ್ಧನೌಕೆಗಳ ಪೈಪೋಟಿ 1906ರಿಂದ ಜೋರಾಗಿತ್ತು. ಇವೆಲ್ಲ ಇದ್ದಾಗಲೇ ಮೊರಾಕೊ ಜಗಳ 1905 ಮತ್ತು 1911ರಲ್ಲಿ ಬಂತು, ಆಸ್ಟ್ರಿಯಾ ಬೋಸ್ನಿಯಾವನ್ನು ತನ್ನದಾಗಿಸಿಕೊಂಡ ಜಗಳ 1908ರಲ್ಲಿ ಬಂತು, 1912–13ರಲ್ಲಿ ಎರಡು ಬಾಲ್ಕನ್ ಯುದ್ಧಗಳೇ ನಡೆದವು. ಪ್ರತಿ ಸಲವೂ ಇನ್ನೇನು ಯುರೋಪಿಗೆಲ್ಲ ಬೆಂಕಿ ಬಿತ್ತು ಎನ್ನುವ ಹಾಗಾಗಿ, ಕೊನೆಗೆ ತಣ್ಣಗಾಯಿತು. ಮೈತ್ರಿ ಎಂದರೆ ತಪ್ಪಿಸಿಕೊಳ್ಳಲಾಗದ ಕಟ್ಟು ಎಂದೇನೂ ಇರಲಿಲ್ಲ. ಇಟಲಿಯನ್ನೇ ನೋಡಿ. 1882ರಿಂದ ಅದು ಜರ್ಮನಿ, ಆಸ್ಟ್ರಿಯಾಗಳ ಜೊತೆ ಒಪ್ಪಂದದಲ್ಲಿತ್ತು. 1914ರಲ್ಲಿ ಸುಮ್ಮನೆ ಕೂತಿತು. 1915ರ ಮೇ ತಿಂಗಳಲ್ಲಿ ಎದುರು ಪಕ್ಷಕ್ಕೆ ಸೇರಿ ಆಸ್ಟ್ರಿಯಾದ ಮೇಲೇ ಯುದ್ಧ ಸಾರಿತು.

ಹಾಗಾದರೆ 1914ರಲ್ಲಿ ಬದಲಾದದ್ದು ಏನು?

ಜೂನ್ 28ರಂದು ಆ ಬೋಸ್ನಿಯಾದ ಸರಜೇವೊದಲ್ಲಿ ಆಸ್ಟ್ರಿಯಾದ ಉತ್ತರಾಧಿಕಾರಿ ಫ್ರಾನ್ಜ್ ಫರ್ಡಿನಾಂಡ್ ಮತ್ತು ಅವರ ಪತ್ನಿ ಸೋಫಿಯನ್ನು ಗಾವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಸರ್ಬ್ ಹುಡುಗ ಗುಂಡಿಟ್ಟು ಕೊಂದ. ಅದೇ ಬೆಳಿಗ್ಗೆ ಅವನ ಜೊತೆಗಾರನೊಬ್ಬ ಎಸೆದ ಬಾಂಬ್ ಗುರಿ ತಪ್ಪಿತ್ತು. ಆಮೇಲೆ ಕಾರಿನ ಚಾಲಕ ದಾರಿ ತಪ್ಪಿ ತಿರುಗಿದ, ಪ್ರಿನ್ಸಿಪ್ ಅಲ್ಲೇ ನಿಂತಿದ್ದ. ಈ ಆಕಸ್ಮಿಕದ ಕಥೆಯನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಸತ್ತ ಮನುಷ್ಯ ಯಾರು ಎನ್ನುವುದು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸೇನಾ ಮುಖ್ಯಸ್ಥ ಕಾನ್ರಾಡ್ ಸರ್ಬಿಯಾದ ಮೇಲೆ ದಾಳಿ ಮಾಡಿ ಎಂದು ವರ್ಷಗಟ್ಟಲೆ ಪೀಡಿಸುತ್ತಿದ್ದರು. ಅವರನ್ನು ತಡೆಯುತ್ತಿದ್ದವರಲ್ಲಿ ಫರ್ಡಿನಾಂಡ್ ಮುಖ್ಯರು. ಸರ್ಬಿಯಾದ ಜೊತೆ ಯುದ್ಧ ಎಂದರೆ ಅದರ ಬೆನ್ನಿಗಿದ್ದ ರಷ್ಯಾದ ಜೊತೆಯೂ ಯುದ್ಧ, ಅದರಿಂದ ಎರಡೂ ಸಾಮ್ರಾಜ್ಯಗಳು ಹಾಳಾಗುತ್ತವೆ ಎಂಬುದು ಅವರ ಲೆಕ್ಕ. ಆ ಗುಂಡು ಯುದ್ಧಕ್ಕೆ ನೆಪವನ್ನೂ ಕೊಟ್ಟಿತು, ತಡೆಯುವವರನ್ನೂ ತೆಗೆಯಿತು.

ಆಸ್ಟ್ರಿಯಾದ ಸಿಟ್ಟಿಗೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. ಕೊಲೆಗಾರರ ಆಯುಧ ಬಂದದ್ದು ಸರ್ಬಿಯಾದಿಂದ. ಸರ್ಬಿಯಾದ ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥ ದ್ರಾಗುತಿನ್ ದಿಮಿತ್ರಿಯೆವಿಚ್ ಇದರ ಹಿಂದಿದ್ದ. ಕೊಲೆಯಾದ ವಾರದೊಳಗೆ ಆಸ್ಟ್ರಿಯಾ ಸರ್ಬಿಯಾಕ್ಕೆ ಏಟು ಕೊಟ್ಟಿದ್ದರೆ ಬಹುಶಃ ಯುರೋಪು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆದರೆ ಆಸ್ಟ್ರಿಯಾ ತಡಮಾಡಿತು. ಸೈನಿಕರು ಸುಗ್ಗಿಯ ರಜೆಗೆ ಊರಿಗೆ ಹೋಗಿದ್ದರು. ಹಂಗೇರಿಯ ಪ್ರಧಾನಿ ಟೀಸಾ ಮೊದಲು ಯುದ್ಧಕ್ಕೆ ಒಪ್ಪಲಿಲ್ಲ. ಫ್ರಾನ್ಸ್ ಅಧ್ಯಕ್ಷರು ಅದೇ ಹೊತ್ತಿಗೆ ರಷ್ಯಾಕ್ಕೆ ಭೇಟಿ ಕೊಟ್ಟಿದ್ದರು. ಅವರು ಅಲ್ಲಿಂದ ಹೊರಡಲಿ ಎಂದು ಕಾದು, ಜುಲೈ 23ರ ಸಂಜೆ 48 ಗಂಟೆಯ ಗಡುವಿಟ್ಟು ಸರ್ಬಿಯಾಕ್ಕೆ ಎಚ್ಚರಿಕೆ ಪತ್ರ ಕೊಟ್ಟರು. ಸರ್ಬಿಯಾ ಹೆಚ್ಚುಕಡಿಮೆ ಎಲ್ಲ ಷರತ್ತಿಗೂ ತಲೆಬಾಗಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಬಂದು ತನಿಖೆ ಮಾಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಆ ಉತ್ತರ ಓದಿದ ಜರ್ಮನಿಯ ಕೈಸರ್ (ಚಕ್ರವರ್ತಿ) ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದಿಟ್ಟ. ಅದು ಜುಲೈ 28. ಅವತ್ತೇ ಆಸ್ಟ್ರಿಯಾ ಯುದ್ಧ ಸಾರಿಬಿಟ್ಟಿತು.

ಆದರೆ ಇದೇ ಕೈಸರ್ ಜುಲೈ 5ರಂದು ‘ನೀವೇನೇ ಮಾಡಿ, ನಾವಿದ್ದೇವೆ’ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟಿದ್ದ. ಯಾಕೆ ಕೊಟ್ಟ? ನನ್ನ ಪ್ರಕಾರ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ರಷ್ಯಾ ತನ್ನ ಸೈನ್ಯವನ್ನು ಭಾರೀ ಪ್ರಮಾಣದಲ್ಲಿ ಹಿಗ್ಗಿಸುತ್ತಿತ್ತು, ಆ ಕೆಲಸ 1917ಕ್ಕೆ ಮುಗಿಯಬೇಕಿತ್ತು. ಫ್ರಾನ್ಸಿನ ಸಾಲದಲ್ಲಿ ಜರ್ಮನಿಯ ಗಡಿಯ ಕಡೆಗೆ ರೈಲುಹಳಿ ಹಾಕುತ್ತಿತ್ತು. ಬರ್ಲಿನ್‌ನ ಸೇನಾಧಿಕಾರಿಗಳಿಗೆ ಇದೇ ಚಿಂತೆ. ಯುದ್ಧ ಹೇಗೂ ಬರುತ್ತದೆ, ಮೂರು ವರ್ಷ ಬಿಟ್ಟು ಬಂದರೆ ಸೋಲುತ್ತೇವೆ, ಬರುವುದಾದರೆ ಈಗಲೇ ಬರಲಿ! ಆಸ್ಟ್ರಿಯಾದ್ದೂ ಅದೇ ಮನಸ್ಥಿತಿ. ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯಾದ ನೆಲ ಸುಮಾರು ಎರಡು ಪಟ್ಟಾಗಿತ್ತು, ಇನ್ನೂ ಬಿಟ್ಟರೆ ಕೈಮೀರುತ್ತದೆ ಎಂಬ ಭಯ. ರಷ್ಯಾ 1909ರಲ್ಲಿ ಬೋಸ್ನಿಯಾ ವಿಷಯದಲ್ಲಿ ಅವಮಾನ ನುಂಗಿಕೊಂಡಿತ್ತು, ಇನ್ನೊಂದು ಸಲ ನುಂಗಿದರೆ ದೊಡ್ಡ ದೇಶ ಎನ್ನುವ ಹೆಸರೇ ಹೋಗುತ್ತದೆ ಎಂಬ ಭಯ. ರಷ್ಯಾವನ್ನು ಕೈಬಿಟ್ಟರೆ ಜರ್ಮನಿಯ ಎದುರು ಒಂಟಿಯಾಗುತ್ತೇವೆ ಎಂಬುದು ಫ್ರಾನ್ಸಿನ ಭಯ. ದುರಾಸೆ ಇರಲಿಲ್ಲ ಎಂದಲ್ಲ. ಆದರೆ ಆ ಜುಲೈನಲ್ಲಿ ಬೇರೆಯವರ ನೆಲ ಹೊಡೆಯಬೇಕು ಎಂಬ ಆಸೆಗಿಂತ, ಕಾಲ ನಮ್ಮ ಕಡೆ ಇಲ್ಲ ಎನ್ನುವ ಹೆದರಿಕೆ ಜಾಸ್ತಿ ಕೆಲಸ ಮಾಡಿತು.

ಇದರ ಮೇಲೆ ರೈಲಿನ ವೇಳಾಪಟ್ಟಿ ಬಂದು ಕೂತಿತು. ಆಗಿನ ಸೈನ್ಯ ಎಂದರೆ ಕರೆ ಬಂದಾಗ ಮನೆಯಿಂದ ಬರುವ ಲಕ್ಷಗಟ್ಟಲೆ ಮೀಸಲು ಸೈನಿಕರು. ಅವರನ್ನು ಕರೆಸಿ, ಬಂದೂಕು, ಕುದುರೆ, ಫಿರಂಗಿ ಕೊಟ್ಟು ಗಡಿಗೆ ಸಾಗಿಸಲು ವಾರಗಳು ಬೇಕು. ಜರ್ಮನಿ ಒಂದೇ ಇದಕ್ಕೆ ಸುಮಾರು 11,000 ರೈಲುಗಳನ್ನು ಓಡಿಸಿತು. ಮೊದಲು ಜಮಾಯಿಸಿದವನು ಮೊದಲು ಹೊಡೆಯುತ್ತಾನೆ. ಹಾಗಾಗಿ ಪಕ್ಕದವನು ಸೈನ್ಯ ಕರೆದ ಸುದ್ದಿ ಬಂದರೆ ನಾವು ಸುಮ್ಮನಿರುವಂತಿಲ್ಲ. ಜುಲೈ 30ರಂದು ರಷ್ಯಾದ ತ್ಸಾರ್ ಪೂರ್ತಿ ಸೈನ್ಯ ಜಮಾವಣೆಗೆ ಒಪ್ಪಿದ ಮೇಲೆ ಗಡಿಯಾರ ನಿಲ್ಲಿಸುವುದು ಬಹಳ ಕಷ್ಟವಾಯಿತು. ಜರ್ಮನಿಯ ಯೋಜನೆಯೋ ಇನ್ನೂ ವಿಚಿತ್ರ. ಜಗಳ ರಷ್ಯಾದ ಜೊತೆ, ಆದರೆ ಮೊದಲ ಏಟು ಫ್ರಾನ್ಸಿಗೆ, ಅದೂ ಬೆಲ್ಜಿಯಂ ಮೂಲಕ! ಸುಮಾರು ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸಿ, ಆಮೇಲೆ ನಿಧಾನವಾಗಿ ಜಮಾಯಿಸುವ ರಷ್ಯಾದ ಕಡೆ ತಿರುಗುವುದು ಎಂದು ಲೆಕ್ಕ ಹಾಕಿದ್ದರು. ಆಗಸ್ಟ್ 1ರಂದು ಕೈಸರ್, ಫ್ರಾನ್ಸ್ ಬೇಡ, ಎಲ್ಲ ಸೈನ್ಯವನ್ನೂ ಪೂರ್ವಕ್ಕೆ ಕಳಿಸೋಣ ಎಂದಾಗ ಸೇನಾ ಮುಖ್ಯಸ್ಥ ಮೋಲ್ಟ್ಕೆ ಬೆವರಿಬಿಟ್ಟರು. ಲಕ್ಷಾಂತರ ಜನರ ಸಾಗಣೆಯನ್ನು ನಿಂತ ನಿಲುವಿನಲ್ಲಿ ಬದಲಾಯಿಸಲು ಆಗುವುದಿಲ್ಲ ಎಂಬುದು ಅವರ ಉತ್ತರ. ಬೆಲ್ಜಿಯಂ ತಟಸ್ಥವಾಗಿರಬೇಕು ಎಂದು 1839ರಲ್ಲೇ ದೊಡ್ಡ ದೇಶಗಳೆಲ್ಲ ಸಹಿ ಹಾಕಿದ್ದವು. ಜರ್ಮನ್ ಸೈನ್ಯ ಅಲ್ಲಿಗೆ ನುಗ್ಗಿದ್ದೇ ತಡ, ಆಗಸ್ಟ್ 4ರಂದು ಬ್ರಿಟನ್ ಕೂಡ ಇಳಿಯಿತು.

ತಪ್ಪು ಯಾರದ್ದು ಎಂದು ಕೇಳಿದರೆ ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ನನ್ನ ಲೆಕ್ಕದಲ್ಲಿ ವಿಯೆನ್ನಾ ಮತ್ತು ಬರ್ಲಿನ್‌ನದು ದೊಡ್ಡ ಪಾಲು, ಆಮೇಲೆ ರಷ್ಯಾದ ಆಗಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್. ಮಿಕ್ಕವರು ತಡೆಯಲು ಸಾಕಷ್ಟು ಪ್ರಯತ್ನ ಮಾಡಲಿಲ್ಲ ಎನ್ನಬಹುದು, ಅಷ್ಟೆ.

ಬ್ರಿಟನ್ ಇಳಿದ ಕೂಡಲೇ ಯುದ್ಧ ಯುರೋಪಿನದ್ದಾಗಿ ಉಳಿಯಲಿಲ್ಲ. ಭಾರತದಿಂದ ಸುಮಾರು 13 ಲಕ್ಷ ಜನ ಹೊರದೇಶಗಳಿಗೆ ಹೋದರು, 74,000ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಯಾರೂ ಕೇಳಿ ಯುದ್ಧ ಸಾರಿರಲಿಲ್ಲ. ಚೀನಾದಲ್ಲಿದ್ದ ಜರ್ಮನ್ ನೆಲೆಯನ್ನು ಜಪಾನ್ ಹಿಡಿಯಿತು. ಪೂರ್ವ ಆಫ್ರಿಕಾದಲ್ಲಿ ಹೊರೆ ಹೊತ್ತ ಕೂಲಿಗಳು ರೋಗಕ್ಕೂ ಹಸಿವಿಗೂ ಸಾವಿರಗಟ್ಟಲೆ ಬಲಿಯಾದರು. ಅಲ್ಲಿನ ಜರ್ಮನ್ ಪಡೆ ಶರಣಾದದ್ದು ಯುರೋಪಿನಲ್ಲಿ ಯುದ್ಧ ನಿಂತು ಎರಡು ವಾರವಾದ ಮೇಲೆ, ಈಗಿನ ಜಾಂಬಿಯಾದಲ್ಲಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಪರಿಣಾಮಗಳು ಅರ್ಥವಾಗಬೇಕಾದರೆ, ಯುದ್ಧ ಯಾಕೆ ಶುರುವಾಯಿತು ಎನ್ನುವುದಕ್ಕಿಂತ ಯಾಕೆ ನಿಲ್ಲಲಿಲ್ಲ ಎಂದು ಕೇಳಬೇಕು. 1914ರ ಸೆಪ್ಟೆಂಬರ್‌ನಲ್ಲಿ ಮಾರ್ನ್ ನದಿಯ ಹತ್ತಿರ ಜರ್ಮನಿಯ ಆರು ವಾರದ ಯೋಜನೆ ನೆಲಕಚ್ಚಿತು. ವರ್ಷದ ಕೊನೆಗೆ ಸ್ವಿಟ್ಜರ್ಲೆಂಡ್ ಗಡಿಯಿಂದ ಉತ್ತರ ಸಮುದ್ರದವರೆಗೆ ಕಂದಕ ತೋಡಿ ಎರಡೂ ಕಡೆಯವರು ಕೂತರು. ಮೆಷಿನ್ ಗನ್, ಮುಳ್ಳುತಂತಿ, ಫಿರಂಗಿಗಳ ಎದುರು ಮುನ್ನುಗ್ಗುವವನು ನಡೆದು ಹೋಗಬೇಕು. ತಡೆಯುವವನಿಗೆ ಹೊಸ ಪಡೆ ರೈಲಿನಲ್ಲಿ ಬರುತ್ತದೆ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್‌ನಲ್ಲಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಸೇನಾ ಲೆಕ್ಕದಲ್ಲಿ ಯಾರೂ ಗೆಲ್ಲುವಂತಿರಲಿಲ್ಲ. ಹಾಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತಲ್ಲ? ಪ್ರಯತ್ನಗಳು ನಡೆದವು. 1916ರ ಡಿಸೆಂಬರ್‌ನಲ್ಲಿ ಜರ್ಮನಿ ಮತ್ತು ಅಮೆರಿಕ ಬೇರೆ ಬೇರೆಯಾಗಿ ಮಾತು ಎತ್ತಿದವು. 1917ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟ್ ಎಲ್ಲರಿಗೂ ಪತ್ರ ಬರೆದರು. ಆದರೆ ಲಕ್ಷಾಂತರ ಮನೆಗಳಲ್ಲಿ ಸಾವಾದ ಮೇಲೆ, ಎಲ್ಲ ಮೊದಲಿದ್ದ ಹಾಗೇ ಇರಲಿ ಎಂದು ಜನರ ಮುಂದೆ ಹೋಗಿ ಹೇಳುವ ಧೈರ್ಯ ಯಾವ ಸರಕಾರಕ್ಕಿತ್ತು? ಸತ್ತವರು ಜಾಸ್ತಿಯಾದಷ್ಟೂ ಬೇಡಿಕೆಗಳೂ ಬೆಳೆದವು.

ಗೆಲ್ಲಲು ಆಗದಿದ್ದಾಗ ಎಲ್ಲರೂ ಇನ್ನೊಂದು ದಾರಿ ಹಿಡಿದರು. ಸಿಕ್ಕಸಿಕ್ಕವರಿಗೆ ಮಾತು ಕೊಟ್ಟರು. ಬ್ರಿಟನ್, ಫ್ರಾನ್ಸ್‌ಗಳು ರಷ್ಯಾಕ್ಕೆ ತುರ್ಕಿಯ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಕೊಡುತ್ತೇವೆ ಎಂದರು. ಇಟಲಿಗೆ ಆಸ್ಟ್ರಿಯಾದ ನೆಲ ಕೊಡುತ್ತೇವೆ ಎಂದರು. ಜರ್ಮನಿ ಮೆಕ್ಸಿಕೊಗೆ ಟೆಕ್ಸಾಸ್ ಆಸೆ ತೋರಿಸಿತು, ಆ ತಂತಿ ಬ್ರಿಟಿಷರ ಕೈಗೆ ಸಿಕ್ಕಿ ಅಮೆರಿಕ ಸಿಟ್ಟಿಗೆದ್ದಿತು. ಭಾರತಕ್ಕೆ ಹಂತಹಂತವಾಗಿ ಸ್ವಯಮಾಡಳಿತ ಕೊಡುತ್ತೇವೆ ಎಂದು 1917ರ ಆಗಸ್ಟ್‌ನಲ್ಲಿ ಬ್ರಿಟನ್ ಘೋಷಿಸಿತು. ಇವತ್ತಿಗೂ ಮುಗಿಯದ ತಕರಾರುಗಳಲ್ಲಿ ಬಹಳಷ್ಟು ಹುಟ್ಟಿದ್ದು ಈ ಮಾತುಗಳಿಂದ.

ಎಲ್ಲಕ್ಕಿಂತ ಕೆಟ್ಟ ಉದಾಹರಣೆ ಜರ್ಮನಿಯ ಪಕ್ಷ ಸೇರಿದ್ದ ಆಟೊಮನ್ ತುರ್ಕಿಯ ಅರಬ್ ಪ್ರಾಂತ್ಯಗಳದ್ದು. 1915–16ರಲ್ಲಿ ಮೆಕ್ಕಾದ ಷರೀಫ್ ಹುಸೇನ್‌ಗೆ ಬ್ರಿಟಿಷ್ ಅಧಿಕಾರಿ ಮೆಕ್‌ಮಹೊನ್ ಪತ್ರ ಬರೆದು, ತುರ್ಕಿಯ ವಿರುದ್ಧ ದಂಗೆಯೆದ್ದರೆ ಸ್ವತಂತ್ರ ಅರಬ್ ರಾಜ್ಯಕ್ಕೆ ಬೆಂಬಲ ಕೊಡುತ್ತೇವೆ ಎಂದರು. 1916ರ ಮೇ ತಿಂಗಳಲ್ಲಿ ಸೈಕ್ಸ್ ಮತ್ತು ಪಿಕೊ ಎಂಬ ಇಬ್ಬರು ಅದೇ ನೆಲವನ್ನು ಬ್ರಿಟನ್, ಫ್ರಾನ್ಸ್ ನಡುವೆ ಗುಟ್ಟಾಗಿ ಹಂಚಿದರು. 1917ರ ನವೆಂಬರ್ 2ರಂದು ವಿದೇಶಾಂಗ ಸಚಿವ ಬಾಲ್ಫೋರ್, ಪ್ಯಾಲೆಸ್ಟೈನ್‌ನಲ್ಲಿ ಯಹೂದ್ಯರಿಗೆ ರಾಷ್ಟ್ರೀಯ ನೆಲೆ ಒದಗಿಸುವುದಕ್ಕೆ ಬೆಂಬಲ ಘೋಷಿಸಿದರು. ಒಂದೇ ಜಮೀನನ್ನು ಮೂವರಿಗೆ ಕ್ರಯಪತ್ರ ಬರೆದುಕೊಟ್ಟ ಹಾಗೆ. ಬಾಲ್ಫೋರ್ ಪತ್ರವನ್ನು ಗಮನವಿಟ್ಟು ಓದಿ. ಅಲ್ಲಿನ ಬಹುಪಾಲು ಜನ ಅರಬರು. ಅವರ ಹೆಸರೇ ಅದರಲ್ಲಿಲ್ಲ, ‘ಯಹೂದ್ಯೇತರ ಸಮುದಾಯಗಳು’ ಎಂದಿದೆ. ಅವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆ ಬರಬಾರದು ಎಂದಿದೆ. ರಾಜಕೀಯ ಹಕ್ಕಿನ ಮಾತೇ ಇಲ್ಲ.

ಯುದ್ಧ ಮುಗಿದ ಮೇಲೆ ಹುಸೇನರ ಮಗ ಫೈಸಲ್ ಡಮಾಸ್ಕಸ್‌ನಲ್ಲಿ ರಾಜನಾದ. 1920ರ ಜುಲೈನಲ್ಲಿ ಫ್ರೆಂಚರು ಓಡಿಸಿದರು. ಮರುವರ್ಷ ಬ್ರಿಟಿಷರು ಅವನನ್ನೇ ತಂದು ಇರಾಕ್‌ನ ಗದ್ದುಗೆಯಲ್ಲಿ ಕೂರಿಸಿದರು. ಬಾಗ್ದಾದ್, ಬಸ್ರಾ, ಮೋಸುಲ್ ಎಂಬ ಮೂರು ಹಳೆಯ ಪ್ರಾಂತ್ಯಗಳನ್ನು ಸೇರಿಸಿ ಮಾಡಿದ ದೇಶ ಅದು. ಕುರ್ದರಿಗೆ 1920ರ ಸೆವ್ರ್ ಒಪ್ಪಂದದಲ್ಲಿ ಸ್ವಂತ ದೇಶದ ಆಸೆ ತೋರಿಸಿದರು, 1923ರ ಲೋಸಾನ್ ಒಪ್ಪಂದದಲ್ಲಿ ಅದರ ಸುಳಿವೇ ಇರಲಿಲ್ಲ. ಆ ಪ್ರದೇಶದ ಇವತ್ತಿನ ಎಲ್ಲ ಜಗಳಕ್ಕೂ ಸೈಕ್ಸ್-ಪಿಕೊ ಗೆರೆಯೇ ಕಾರಣ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಈಗಿನ ಗಡಿಗಳು ಆ ನಕ್ಷೆಯ ಪ್ರಕಾರವೂ ಇಲ್ಲ. ಮೋಸುಲ್ ಅದರಲ್ಲಿ ಫ್ರಾನ್ಸಿನ ಪಾಲಿನಲ್ಲಿತ್ತು. ನೂರು ವರ್ಷಗಳಲ್ಲಿ ಅಲ್ಲಿನ ಆಡಳಿತಗಾರರು ಮಾಡಿಕೊಂಡದ್ದೂ ಸಾಕಷ್ಟಿದೆ. ಆದರೆ ಅಲ್ಲಿನ ಜನರನ್ನು ಕೇಳದೆ ಅವರ ದೇಶ ಯಾವುದು ಎಂದು ತೀರ್ಮಾನಿಸಿದ್ದಂತೂ ಈ ಯುದ್ಧವೇ. ಇದೇ ಯುದ್ಧದ ಮರೆಯಲ್ಲಿ 1915ರಿಂದ ಆಟೊಮನ್ ಸರಕಾರ ಅರ್ಮೇನಿಯನ್ನರ ನರಮೇಧ ನಡೆಸಿತು. ಅದನ್ನು ನರಮೇಧ ಎಂದು ಒಪ್ಪಲು ತುರ್ಕಿ ಇಂದಿಗೂ ತಯಾರಿಲ್ಲ.

ರಷ್ಯಾದ ಕ್ರಾಂತಿಯೂ ಯುದ್ಧದ ಕೂಸೇ. 1917ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿದ್ದ ಲೆನಿನ್, ಬರಲಿರುವ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ನೋಡಲು ನಾವು ಹಿರಿಯರು ಬದುಕಿರುತ್ತೇವೋ ಇಲ್ಲವೋ ಎಂದು ಯುವಕರ ಸಭೆಯಲ್ಲಿ ಹೇಳಿದ್ದರು. ಕೆಲವೇ ವಾರಗಳಲ್ಲಿ ತ್ಸಾರ್ ಬಿದ್ದ. ರಷ್ಯಾ ಯುದ್ಧ ಬಿಡಲಿ ಎಂದು ಜರ್ಮನಿಯೇ ಲೆನಿನ್‌ರನ್ನು ರೈಲಿನಲ್ಲಿ ತನ್ನ ನೆಲದ ಮೂಲಕ ಸಾಗಿಸಿತು. ಅದೇ ಲೆನಿನ್ ಕಟ್ಟಿದ ಸೋವಿಯತ್ ದೇಶದ ಸೈನ್ಯ 1945ರಲ್ಲಿ ನುಗ್ಗಿದಾಗ ಆ ಜಾಣತನದ ಬೆಲೆಯನ್ನು ಬರ್ಲಿನ್ ಕಟ್ಟಬೇಕಾಯಿತು. ಚೀನಾದ ಕಥೆ ಕಡಿಮೆ ಜನರಿಗೆ ಗೊತ್ತು. ಮಿತ್ರರಾಷ್ಟ್ರಗಳಿಗೆ ಲಕ್ಷಕ್ಕೂ ಹೆಚ್ಚು ಕೂಲಿಯಾಳುಗಳನ್ನು ಕಳಿಸಿದ ದೇಶ ಅದು. ಬದಲಿಗೆ ಶಾಂತಿ ಸಭೆಯಲ್ಲಿ ಶಾಂಡೊಂಗ್‌ನಲ್ಲಿದ್ದ ಜರ್ಮನಿಯ ಹಕ್ಕುಗಳು ಜಪಾನಿನ ಪಾಲಾದವು. 1919ರ ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಕೆಲವರೇ 1921ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಭಾರತಕ್ಕೆ ಸಿಕ್ಕಿದ್ದು 1919ರ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಬ್ರಿಟಿಷರ ಮಾತಿಗೆ ಬೆಲೆ ಇದೆ ಎಂದು ನಂಬಿದ್ದ ಒಂದು ತಲೆಮಾರು ಆಮೇಲೆ ನಂಬಲಿಲ್ಲ.

ಚಿಕ್ಕಪುಟ್ಟ ಪರಿಣಾಮಗಳೂ ಇವೆ, ಅವು ಎಷ್ಟು ಮಾಮೂಲಾಗಿವೆ ಎಂದರೆ ಯುದ್ಧದಿಂದ ಬಂದವು ಎನ್ನುವುದೇ ಮರೆತಿದೆ. ಗಡಿ ದಾಟಲು ಪಾಸ್‌ಪೋರ್ಟ್ ಬೇಕೇಬೇಕು ಎನ್ನುವ ಪದ್ಧತಿ ಯುರೋಪಿನಲ್ಲಿ ಗಟ್ಟಿಯಾದದ್ದು ಆಗ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದನ್ನು ದೇಶಾದ್ಯಂತ ಮೊದಲು ಜಾರಿಗೆ ತಂದದ್ದು 1916ರಲ್ಲಿ ಜರ್ಮನಿ, ಕಲ್ಲಿದ್ದಲು ಉಳಿಸಲು. ಬ್ರಿಟನ್‌ನ ಆದಾಯ ತೆರಿಗೆಯ ಸಾಮಾನ್ಯ ದರ ಶೇ. 6ರ ಆಸುಪಾಸಿನಿಂದ ಶೇ. 30ಕ್ಕೆ ಏರಿತು, ಮತ್ತೆ ಹಳೆಯ ಮಟ್ಟಕ್ಕೆ ಇಳಿಯಲೇ ಇಲ್ಲ. ಹೆಂಗಸರಿಗೆ ಮತದಾನದ ಹಕ್ಕು ಯುದ್ಧದಿಂದಲೇ ಬಂತು ಎನ್ನುವವರಿದ್ದಾರೆ. ಬ್ರಿಟನ್, ಜರ್ಮನಿಗಳ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಆದರೆ ಫ್ರಾನ್ಸಿನ ಹೆಂಗಸರು ಅಷ್ಟೇ ದುಡಿದರೂ 1944ರವರೆಗೆ ಕಾಯಬೇಕಾಯಿತು. ಫ್ರಾನ್ಸಿನ ವೆರ್ಡನ್ ಸುತ್ತಮುತ್ತ, ಬೆಲ್ಜಿಯಂನ ಹೊಲಗಳಲ್ಲಿ ಆಗಿನ ಸಿಡಿಯದ ಗುಂಡುಗಳು ಇಂದಿಗೂ ನೇಗಿಲಿಗೆ ಸಿಗುತ್ತವೆ.

ಇನ್ನು ಎರಡನೇ ಮಹಾಯುದ್ಧದ ಪ್ರಶ್ನೆ. ಯುದ್ಧ ಮುಗಿದ ಮೇಲೆ 1919ರಲ್ಲಾದ ವರ್ಸೇಲ್ಸ್ ಒಪ್ಪಂದ ಜರ್ಮನಿಯನ್ನು ಹಿಂಡಿತು, ಅದಕ್ಕೇ ಹಿಟ್ಲರ್ ಬಂದ ಎನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಅರ್ಧ ಸರಿ. ಒಪ್ಪಂದ ಕಠಿಣವಾಗಿತ್ತು ನಿಜ. ಜರ್ಮನಿ ಸುಮಾರು ಶೇ. 13ರಷ್ಟು ನೆಲ ಕಳೆದುಕೊಂಡಿತು. ಸೈನ್ಯ ಒಂದು ಲಕ್ಷ ಮೀರುವಂತಿರಲಿಲ್ಲ. 1921ರಲ್ಲಿ 132 ಶತಕೋಟಿ ಚಿನ್ನದ ಮಾರ್ಕ್ ಪರಿಹಾರ ಕಟ್ಟಿ ಎಂದರು. ಆದರೆ ಅದರಲ್ಲಿ ದೊಡ್ಡ ಭಾಗ ಕಾಗದದ ಮೇಲಿನ ಲೆಕ್ಕ, ವಸೂಲಾಗುತ್ತದೆ ಎಂದು ಕೇಳಿದವರೇ ನಂಬಿರಲಿಲ್ಲ. 1918ರ ಮಾರ್ಚ್‌ನಲ್ಲಿ ಇದೇ ಜರ್ಮನಿ ಬ್ರೆಸ್ಟ್-ಲಿಟೊವ್ಸ್ಕ್‌ನಲ್ಲಿ ರಷ್ಯಾದಿಂದ ಕಿತ್ತುಕೊಂಡದ್ದಕ್ಕೆ ಹೋಲಿಸಿದರೆ ವರ್ಸೇಲ್ಸ್ ಮೆತ್ತಗೇ ಇತ್ತು ಎನ್ನಬೇಕು. ಇನ್ನೊಂದು ಲೆಕ್ಕ ನೋಡಿ. ಒಪ್ಪಂದವಾಗಿ ಒಂಬತ್ತು ವರ್ಷದ ಮೇಲೆ, 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ. 1932ರ ಜುಲೈನಲ್ಲಿ ಶೇ. 37. ನಡುವೆ ಬಂದದ್ದು 1929ರ ಆರ್ಥಿಕ ಕುಸಿತ ಮತ್ತು ಲಕ್ಷಾಂತರ ಜನರ ನಿರುದ್ಯೋಗ. ವರ್ಸೇಲ್ಸ್ ಒಂದೇ ಸಾಕಾಗಿದ್ದರೆ 1928ರಲ್ಲೇ ಗೆಲ್ಲಬೇಕಿತ್ತು ಅಲ್ವಾ?

ನನ್ನ ಮಟ್ಟಿಗೆ ಒಪ್ಪಂದದ ಷರತ್ತುಗಳಿಗಿಂತ ಹೆಚ್ಚು ಹಾನಿ ಮಾಡಿದ್ದು ಯುದ್ಧ ನಿಂತ ರೀತಿ. 1918ರ ಸೆಪ್ಟೆಂಬರ್ ಕೊನೆಯಲ್ಲಿ, ಇನ್ನು ಆಗುವುದಿಲ್ಲ, ತಕ್ಷಣ ಕದನವಿರಾಮ ಕೇಳಿ ಎಂದವರು ಜನರಲ್ ಲುಡೆನ್‌ಡಾರ್ಫ್. ಆದರೆ ನವೆಂಬರ್ 11ರಂದು ಸಹಿ ಹಾಕಿದ ನಿಯೋಗಕ್ಕೆ ಮುಖಂಡರಾಗಿ ಹೋದದ್ದು ಎರ್ಟ್ಸ್‌ಬರ್ಗರ್ ಎಂಬ ರಾಜಕಾರಣಿ. ಆ ಹೊತ್ತಿಗೆ ಜರ್ಮನ್ ಸೈನ್ಯ ಇನ್ನೂ ಬೆಲ್ಜಿಯಂನಲ್ಲೇ ಇತ್ತು. ಗಡಿಯ ಅಲ್ಸೇಸ್ ಪ್ರಾಂತ್ಯದ ಒಂದು ತುಣುಕು ಬಿಟ್ಟರೆ, ಪಶ್ಚಿಮದಿಂದ ಯಾವ ಶತ್ರು ಸೈನ್ಯವೂ ಜರ್ಮನಿಯ ಒಳಗೆ ಇರಲಿಲ್ಲ. ಮನೆಯಲ್ಲಿದ್ದವರಿಗೆ ಸೋಲು ಕಾಣಲೇ ಇಲ್ಲ. ಹಿಂತಿರುಗಿದ ಸೈನಿಕರಿಗೆ ಹೊಸ ಸರಕಾರದ ಮುಖಂಡ ಎಬರ್ಟ್, ನಿಮ್ಮನ್ನು ಯಾವ ಶತ್ರುವೂ ಸೋಲಿಸಲಿಲ್ಲ ಎಂದೇ ಸ್ವಾಗತಿಸಿದರು. ಮರುವರ್ಷ ಯುದ್ಧ ನಡೆಸಿದ್ದ ಸೇನಾಪತಿ ಹಿಂಡೆನ್‌ಬರ್ಗ್ ಸಂಸತ್ತಿನ ಸಮಿತಿಯ ಮುಂದೆ, ಸೈನ್ಯಕ್ಕೆ ಬೆನ್ನಿಗೆ ಚೂರಿ ಹಾಕಲಾಯಿತು ಎಂದರು. ಸೋತ ಸೇನಾಪತಿಗಳು ಪಾರಾದರು. ಎರ್ಟ್ಸ್‌ಬರ್ಗರ್‌ರನ್ನು 1921ರಲ್ಲಿ ಬಲಪಂಥೀಯರು ಕೊಂದರು. ಆ ಸುಳ್ಳಿನ ಮೇಲೇ ಹಿಟ್ಲರ್ ತನ್ನ ರಾಜಕೀಯ ಕಟ್ಟಿದ.

ಆದ್ದರಿಂದ ‘ಮುಂದುವರಿಕೆ’ ಎಂದು ನೇರವಾಗಿ ಹೇಳಲು ನಾನು ಹಿಂಜರಿಯುತ್ತೇನೆ. 1919ರಿಂದ 1939ಕ್ಕೆ ಹೋಗುವ ದಾರಿಯಲ್ಲಿ ಬೇರೆ ಕಡೆ ತಿರುಗಲು ಬೇಕಾದಷ್ಟು ಅವಕಾಶಗಳಿದ್ದವು. ಆದರೆ ಎರಡನೇ ಯುದ್ಧ ನಡೆಸಿದವರ ತಲೆಯಲ್ಲಿ 1918 ಇದ್ದೇ ಇತ್ತು. 1943ರ ಜನವರಿಯಲ್ಲಿ ಕಾಸಾಬ್ಲಾಂಕಾದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಬೇಷರತ್ ಶರಣಾಗತಿ ಬಿಟ್ಟು ಬೇರೇನೂ ಒಪ್ಪುವುದಿಲ್ಲ ಎಂದು ಘೋಷಿಸಿದರು. 1945ರ ಮೇ ತಿಂಗಳಲ್ಲಿ ಶರಣಾಗತಿ ಪತ್ರಕ್ಕೆ ರಾಜಕಾರಣಿಗಳಿಂದಲ್ಲ, ಸೇನಾಪತಿಗಳಿಂದಲೇ ಸಹಿ ಹಾಕಿಸಿಕೊಂಡರು. ಜರ್ಮನಿಯ ಮೂಲೆಮೂಲೆಯಲ್ಲೂ ಸೈನ್ಯ ಇಟ್ಟರು. ಪಶ್ಚಿಮ ಭಾಗದಿಂದ ಪರಿಹಾರ ಹಿಂಡುವುದನ್ನು ಬಹುಬೇಗ ಕೈಬಿಟ್ಟು, 1948ರಿಂದ ಅಮೆರಿಕ, ಯುರೋಪನ್ನು ಮತ್ತೆ ಕಟ್ಟುವ ಮಾರ್ಷಲ್ ಯೋಜನೆಯ ಹಣ ಸುರಿಯಿತು. ಹಳೆಯ ಪರಿಹಾರ ಕಟ್ಟಲೆಂದು ಜರ್ಮನಿ 1920ರ ದಶಕದಿಂದ ಎತ್ತಿದ್ದ ವಿದೇಶಿ ಸಾಲಪತ್ರಗಳ ಕೊನೆಯ ಕಂತು ತೀರಿದ್ದು 2010ರ ಅಕ್ಟೋಬರ್ 3ರಂದು.